ಯಾರೂ ನೋಡದ ಆಟ

ಹರಳೆಣ್ಣೆ ಕುಡಿದ ತೊಗಲಿನ ವಾಸನೆ ಇನ್ನು ಈ ಜನ್ಮದಲ್ಲಿ ನನಗೆ ಸಿಗಲಾರದು ಎಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಧಾರವಾಡದ ಪೇಟೆಯಲ್ಲಿ, ಕಿತ್ತುಹೋದ ಚಪ್ಪಲಿ ಹೊಲಿಸಲು ಒಂದು ಗೂಡಂಗಡಿಯ ಮುಂದೆ ನಿಂತಿದ್ದೆ. ಒಳಗೆ ಕುಳಿತ ಮುದುಕ ಹಳೆಯದೊಂದು ತೊಗಲಿನ ಪಟ್ಟಿಗೆ ಅರಿವೆಯ ಚೂರಿನಿಂದ ಎಣ್ಣೆ ತಿಕ್ಕುತ್ತಿದ್ದ. ಹೊರಗೆ ಜಿಟಿಜಿಟಿ ಮಳೆ. ಆ ತಂಪಿನಲ್ಲಿ ವಾಸನೆ ಮೆಲ್ಲಗೆ ಎದ್ದು ಬಂತು, ಸ್ವಲ್ಪ ಕಹಿ, ಸ್ವಲ್ಪ ಜಿಡ್ಡು, ಅದರ ಹಿಂದೆ ಎಲ್ಲೋ ದನದ ಮೈಯ ಬಿಸುಪು. ಚಪ್ಪಲಿ ಹೊಲಿದಾದ ಮೇಲೂ ನಾನು ಅಲ್ಲಿಯೇ ನಿಂತಿದ್ದೆ. ಮುದುಕ ತಲೆ ಎತ್ತಿ, 'ಮತ್ತೇನರ ಐತೇನ್ರಿ ಅವ್ವಾರ?' ಎಂದ. ಏನು ಹೇಳಲಿ? ನನಗೆ ಬೇಕಾಗಿದ್ದುದು ಅವನ ಅಂಗಡಿಯಲ್ಲಿ ಇರಲಿಲ್ಲ. ಅದು ಸವಣೂರಿನ ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ಬಲೆಯ ಚೀಲದಲ್ಲಿ ತೂಗುತ್ತಿದ್ದ ಕಾಕಾನ ಫುಟ್‌ಬಾಲು.

ಆ ಮನೆ ಈಗ ಇಲ್ಲ. ಕೋಟೆಯ ಹಳೆಯ ಕಂದಕದ ಹತ್ತಿರ, ಮೋತಿ ತಲಾಬ್ ಕೆರೆಯ ಗಾಳಿ ನೇರವಾಗಿ ಬೀಸುವ ಓಣಿಯಲ್ಲಿ ಅದು ಇತ್ತು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬಾಗಿಲ ಎರಡೂ ಕಡೆ ಉದ್ದನೆಯ ಕಟ್ಟೆ. ಅಪ್ಪನದು ಎಲೆಯ ತೋಟ. ಬೆಳಗಾದರೆ ಪಡಸಾಲೆಯ ತುಂಬ ಒದ್ದೆ ಗೋಣಿತಾಟು ಹಾಸಿ ವೀಳ್ಯದೆಲೆ ಹರಡುತ್ತಿದ್ದರು. ಅವ್ವ, ನೀಲಕ್ಕ, ನಾನು ಕುಳಿತು ಎಲೆ ಆರಿಸಿ, ಒಂದರ ಮೇಲೊಂದು ಜೋಡಿಸಿ ಬುಟ್ಟಿಗೆ ತುಂಬುತ್ತಿದ್ದೆವು. ಆದ್ದರಿಂದ ನಮ್ಮ ಮನೆಗೆ ಎರಡು ವಾಸನೆ, ಕೆಳಗೆ ಎಲೆಯದು, ಮೇಲೆ ಗೂಟದ ಮೇಲಿನ ತೊಗಲಿನದು. ಅಮ್ಮನಿಗೆ, ಅಂದರೆ ಅಪ್ಪನ ತಾಯಿಗೆ, ಆ ಚೆಂಡು ದೇವರ ಜಗಲಿ ಇದ್ದ ಗೋಡೆಗೆ ತೂಗುವುದು ಕೊನೆತನಕ ಒಪ್ಪಿಗೆಯಾಗಲಿಲ್ಲ. ಲಿಂಗಪೂಜೆಗೆ ಕೂಡುವ ಮುಂಚೆ ಅದರ ಮೇಲೆ ಒಂದು ಅರಿವೆ ಹೊದಿಸುತ್ತಿದ್ದಳು. ಪೂಜೆ ಮುಗಿದ ಮೇಲೆ ಅವಳೇ ಅರಿವೆ ತೆಗೆಯುತ್ತಿದ್ದಳು, ಅದಕ್ಕೂ ಉಸಿರು ಕಟ್ಟೀತು ಎಂಬಂತೆ.

ಕಾಕಾ ಎಂದರೆ ಅಪ್ಪನ ತಮ್ಮ, ಗುರುಪಾದಪ್ಪ. ಹುಬ್ಬಳ್ಳಿಯಲ್ಲಿ ಮ್ಯಾಟ್ರಿಕ್‌ವರೆಗೆ ಓದಿ, ಓದಿದ್ದಕ್ಕಿಂತ ಹೆಚ್ಚು ಆಡಿ ಊರಿಗೆ ಮರಳಿದವನು. ಮದುವೆಯ ಮಾತು ತೆಗೆದರೆ ಎದ್ದು ತೋಟಕ್ಕೆ ಹೋಗುತ್ತಿದ್ದ. ಉದ್ದ ಕಾಲು, ಅಗಲ ಪಾದ. ಆ ಪಾದಗಳನ್ನು ನೋಡಿಕೊಳ್ಳುವುದರಲ್ಲಿ ಅವನಿಗೆ ಒಂದು ಬಗೆಯ ಹೆಮ್ಮೆ ಇತ್ತು. ಸಂಜೆ ಕಟ್ಟೆಯ ಮೇಲೆ ಕುಳಿತು ಚೆಂಡಿಗೆ ಎಷ್ಟು ಪ್ರೀತಿಯಿಂದ ಎಣ್ಣೆ ತಿಕ್ಕುತ್ತಿದ್ದನೋ ಅಷ್ಟೇ ಪ್ರೀತಿಯಿಂದ ತನ್ನ ಹಿಮ್ಮಡಿಗೂ ತಿಕ್ಕುತ್ತಿದ್ದ. 'ಬೂಟು ಹಾಕ್ಕೊಂಡು ಆಡೂದಂದ್ರ ಕೈಗೆ ಚೀಲಾ ತೊಟ್ಕೊಂಡು ಉಂಡಂಗ' ಎನ್ನುತ್ತಿದ್ದ. ಅವನ ಜೊತೆಗೆ ಕುಳಿತಿರುತ್ತಿದ್ದವನು ಮೌಲಾಸಾಬ. ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವನ ಖಾರದ ಭಟ್ಟಿ, ಸೇವು ಶೇಂಗಾ ಕರಿದು ಮಾರುವ ಅಂಗಡಿ. ಮಧ್ಯಾಹ್ನವಿಡೀ ದೊಡ್ಡ ಕಡಾಯಿಯ ಮುಂದೆ ಬೆಂದು, ಸಂಜೆಗೆ ಮುಖ ತೊಳೆದು, ಉಗುರಿನ ಸಂದಿಯಲ್ಲಿ ಇನ್ನೂ ಕಡಲೆಹಿಟ್ಟು ಇಟ್ಟುಕೊಂಡೇ ಬರುತ್ತಿದ್ದ. ನಾವು ಅವನಿಗೆ ಮೌಲಾ ಮಾಮಾ ಎನ್ನುತ್ತಿದ್ದೆವು. ಅವನೂ ಕಾಕಾನೂ ಚಡ್ಡಿ ಹಾಕಿಕೊಳ್ಳುವ ವಯಸ್ಸಿನಿಂದ ಕೋಟೆಯ ಹೊರಗಿನ ಬಯಲಿನಲ್ಲಿ ಕೂಡಿ ಆಡಿದವರು. ಕಾಕಾ ಮುಂದೆ ನುಗ್ಗುವವನು, ಮೌಲಾ ಮಾಮಾ ಹಿಂದೆ ನಿಂತು ಕಾಯುವವನು. ಮಾತಿನಲ್ಲಿಯೂ ಹಾಗೆಯೇ.

ನಾನು ಹೇಳುತ್ತಿರುವುದು ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ತುಂಬುವ ಹೊತ್ತಿನ ಮಾತು. ನಮ್ಮ ಊರಿನ ಸಂಸ್ಥಾನವೂ ಆ ಬೇಸಿಗೆಯ ಮುಂಚೆ ಮುಂಬಯಿ ಪ್ರಾಂತದಲ್ಲಿ ಸೇರಿಹೋಗಿತ್ತು. ಕಚೇರಿಯ ಮೇಲಿನ ನಿಶಾನೆ ಬದಲಾಗಿತ್ತು, ಅಷ್ಟೇ. ಉಳಿದಂತೆ ಕಾಗೆಗಳು ಅವೇ, ಕಂದಕದ ಎಮ್ಮೆಗಳು ಅವೇ. 'ದೇಶ ಅಂದ್ರ ಹೆಂಗಿರತೈತಿ ಕಾಕಾ?' ಎಂದು ನಾನು ಒಂದು ದಿನ ಕೇಳಿದ್ದೆ. ಹತ್ತು ವರ್ಷದ ಹುಡುಗಿಗೆ ಅದು ನಿಜವಾದ ಸಂದೇಹ. ಊರು ಕಾಣುತ್ತಿತ್ತು, ಹಾನಗಲ್ಲು, ಶಿಗ್ಗಾವಿ ಬಸ್ಸಿನಿಂದ ಕಂಡಿದ್ದವು, ದೇಶ ಕಂಡಿರಲಿಲ್ಲ. ಕಾಕಾ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಯೋಚಿಸಿ, 'ಹನ್ನೊಂದು ಮಂದಿ ಒಂದ ನಮೂನಿ ಅಂಗಿ ತೊಟ್ಕೊಂಡು ಪರದೇಶದಾಗ ನಿಂದರತಾರಲ್ಲ, ಅದು' ಎಂದ. ಆಗ ಲಂಡನ್ನಿನಲ್ಲಿ ಒಲಿಂಪಿಕ್ ಆಟಗಳು ನಡೆಯುತ್ತಿದ್ದವು. ನಮ್ಮ ಫುಟ್‌ಬಾಲ್ ತಂಡವೂ ಹೋಗಿತ್ತು. ಅವರಲ್ಲಿ ಬಹಳ ಮಂದಿ ಬರಿಗಾಲಿನವರು ಎಂಬ ಸುದ್ದಿ ಬಂದ ದಿನ ಕಾಕಾ ತನ್ನ ಪಾದಗಳನ್ನು ಓಣಿಯಲ್ಲಿ ಹೋಗುವವರಿಗೆಲ್ಲ ತೋರಿಸಿದ್ದ.

ಪೇಪರು ಹುಬ್ಬಳ್ಳಿಯಿಂದ ರೈಲಿನಲ್ಲಿ ಯಲವಿಗಿ ಸ್ಟೇಶನ್ನಿಗೆ ಬಂದು, ಅಲ್ಲಿಂದ ಟಾಂಗಾದಲ್ಲಿ ಊರಿಗೆ ಬರುತ್ತಿತ್ತು. ಓದುವವಳು ನೀಲಕ್ಕ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕುಳಿತಿದ್ದ ನನ್ನ ಅಕ್ಕ ಬಾಗಿಲ ಹೊಸ್ತಿಲ ಒಳಗೆ ಕುಳಿತು ಓದುತ್ತಿದ್ದಳು, ಗಂಡಸರು ಹೊರಗೆ ಕಟ್ಟೆಯ ಮೇಲೆ ಕೇಳುತ್ತಿದ್ದರು. ಅವಳ ದನಿ ತೆಳುವಾಗಿತ್ತು, ಆದರೆ ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ. ಆ ದಿನ ಅವಳು ಯುದ್ಧದ ಸುದ್ದಿ, ಸಕ್ಕರೆಯ ಸುದ್ದಿ ಎಲ್ಲ ಓದಿ, ಕೊನೆಯ ಪುಟದ ಮೂಲೆಗೆ ಬಂದು ನಿಂತಳು. 'ಕಾಕಾ, ಸೋತಾರು' ಎಂದಳು. ಫ್ರಾನ್ಸ್ ದೇಶಕ್ಕೆ ಎರಡು ಗೋಲು, ನಮಗೆ ಒಂದು. ಸಮಸಮ ಇದ್ದ ಆಟ ಮುಗಿಯುವ ಹೊತ್ತಿಗೆ ಕೈತಪ್ಪಿತ್ತು. ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಹಾಳಾಗಿದ್ದವು. ಸುದ್ದಿ ಇದ್ದದ್ದು ಅಷ್ಟೇ, ಅಂಗೈ ಅಗಲ. ಕಾಕಾ ಎದ್ದು ಬಂದು ಪೇಪರನ್ನು ಅವಳ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಉಳಿದದ್ದು ಬೇರೆ ಪುಟದಲ್ಲಿ ಇದ್ದೀತು ಎಂದು ಹುಡುಕಿದ. ಇರಲಿಲ್ಲ.

'ಪೆನಾಲ್ಟಿ ಅಂದ್ರೇನು?' ಎಂದು ನಾನು ಕೇಳಿದೆ. ಮೌಲಾ ಮಾಮಾ ಕಟ್ಟೆಯ ಮೇಲೆ ಅಮ್ಮನ ಎಲೆಡಬ್ಬಿಯನ್ನು ಬಾಯಿ ತೆರೆದು ಇಟ್ಟ. ಅದು ಗೋಲು. ಡಬ್ಬಿಯೊಳಗಿನ ಸುಣ್ಣದ ಕಾಯಿಯನ್ನು ಅದರ ಮುಂದೆ ನಿಲ್ಲಿಸಿದ. ಅದು ಕಾಯುವವನು. ತಾನು ತಂದ ಖಾರದ ಪೊಟ್ಟಣದಿಂದ ಒಂದು ಶೇಂಗಾಕಾಳು ತೆಗೆದು ಮುಂದಿಟ್ಟು, 'ನೋಡವಾ ಶಾಂತವ್ವ, ಉಳಿದಾವ್ರೆಲ್ಲ ದೂರ ಸರದು ನಿಂದರತಾರ. ಇಂವ ಒಬ್ಬ, ಅಂವ ಒಬ್ಬ. ನಡುವ ಯಾರೂ ಇಲ್ಲ' ಎಂದು ಬೆರಳಿನಿಂದ ಚಿಮ್ಮಿದ. ಕಾಳು ಡಬ್ಬಿಯೊಳಗೆ ಬಿತ್ತು. 'ನೋಡು! ಹುಡುಗಿಗೂ ತಿಳೀತು!' ಎಂದು ಕಾಕಾ ಕೂಗಿದ. 'ಇಷ್ಟು ಸಸಾರದ್ದು! ಕಣ್ಣು ಮುಚ್ಚಿ ಹೊಡದ್ರೂ ಹೋಗಬೇಕು. ಇಡೀ ದೇಶ ಅವನ ಬೆನ್ನ ಹಿಂದ ನಿಂತಿರತೈತಿ, ಅಂವ ತಪ್ಪಸತಾನಂದ್ರ!' ಮೌಲಾ ಮಾಮಾ ಆ ಕಾಳನ್ನು ಆರಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. 'ಅಲ್ಲಿ ಥಂಡಿ ಎಷ್ಟಿರತೈತಿ ಗೊತ್ತೈತೇನಲೇ ಗುರ್ಯಾ? ಬರಿಗಾಲು. ಹಸಿ ಹುಲ್ಲು. ಕಾಲು ಮರಗಟ್ಟಿರತಾವ. ಬೆರಳು ಐತೋ ಇಲ್ಲೋ ಅನ್ನೂದ ತಿಳಿಯೂದಿಲ್ಲ.'

ವಾದ ಹುಟ್ಟಿದ್ದು ಹೀಗೆ. ಆ ಶ್ರಾವಣವಿಡೀ ಅದು ನಮ್ಮ ಕಟ್ಟೆಯ ಮೇಲೆ ಬೆಳೆಯಿತು. ಹಾಕಿಯಲ್ಲಿ ನಮ್ಮವರು ಬಂಗಾರದ ಪದಕ ಗೆದ್ದ ಸುದ್ದಿ ಬಂದಾಗ ಅಪ್ಪ, ಆಟದ ಗೊಡವೆಯೇ ಇಲ್ಲದ ಅಪ್ಪ, 'ಇನ್ನರ ಬಿಡ್ರೋ ಮಾರಾಯ, ಬ್ರಿಟಿಷರನ್ನ ಅವರ ಊರಾಗ ಸೋಲಿಸ್ಯಾರ' ಎಂದು ಎಲ್ಲರಿಗೂ ಪೇಢೆ ಹಂಚಿದ. ಕಾಕಾ ಪೇಢೆ ತಿಂದು ಕೈ ಒರೆಸಿಕೊಂಡು, 'ಹಂಗಾರ ಫುಟ್‌ಬಾಲಿನಾಗ ಯಾಕ ಆಗಲಿಲ್ಲ?' ಎಂದು ಮತ್ತೆ ಅಲ್ಲಿಗೇ ಬಂದ. ಅವ್ವ ಒಳಗಿನಿಂದ, 'ಆ ಹುಡುಗೂರಿಗೆ ಅಲ್ಲಿ ರೊಟ್ಟಿ ಮಾಡಿ ಹಾಕಾವ್ರು ಯಾರ? ಬರೇ ಬ್ರೆಡ್ಡು ತಿಂದು ಹೆಂಗ ಓಡ್ಯಾರು?' ಎಂದು ಕೇಳಿದಳು. ಅಮ್ಮನಿಗೆ ಫ್ರಾನ್ಸ್ ಎಲ್ಲಿದೆ ಎಂಬುದೇ ತಿಳಿಯದು. ಅದು ಹಿರೇಕೆರೂರಿನ ಆಚೆ ಇರಬಹುದು ಎಂದು ಅವಳ ಅಂದಾಜು, ಯಾಕೆಂದರೆ ಅವಳು ಅದಕ್ಕಿಂತ ಆಚೆ ಹೋಗಿರಲಿಲ್ಲ.

ಈಗ ನೆನೆದರೆ ನನಗೆ ವಿಚಿತ್ರವೆನಿಸುವುದು ಇದು: ಆ ಆಟವನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಅಂಗೈ ಅಗಲದ ಸುದ್ದಿಯಿಂದ ಒಬ್ಬೊಬ್ಬರೂ ಒಂದೊಂದು ಆಟ ಕಟ್ಟಿಕೊಂಡಿದ್ದರು. ಕಾಕಾನ ಆಟದಲ್ಲಿ ಬಿಸಿಲಿತ್ತು, ನೆಲ ನಮ್ಮ ಬಯಲಿನಂತೆ ಗಟ್ಟಿಯಾಗಿತ್ತು, ಹೊಡೆಯುವವನು ಸೊಕ್ಕಿನಿಂದ ನಗುತ್ತ ಬರುತ್ತಿದ್ದ. ಮೌಲಾ ಮಾಮಾನ ಆಟದಲ್ಲಿ ಮಂಜು ಕವಿದಿತ್ತು, ಆಟಗಾರರು ಕೈ ಉಜ್ಜಿಕೊಳ್ಳುತ್ತ ನಡುಗುತ್ತಿದ್ದರು. ಅವ್ವನ ಆಟದಲ್ಲಿ ಎಲ್ಲರೂ ಹಸಿದಿದ್ದರು. ನನ್ನ ಆಟ ನಡೆದದ್ದು ಮೋತಿ ತಲಾಬಿನ ದಂಡೆಯ ಮೇಲೆ. ಫ್ರಾನ್ಸಿನವರು ಬಿಳಿ ಬಿಳಿ ಬೂಟು ತೊಟ್ಟು ನೀರಿನಿಂದ ಎದ್ದು ಬರುತ್ತಿದ್ದರು. ನೀಲಕ್ಕನ ಆಟ ಎಂಥದು ಎಂದು ಅವಳು ಹೇಳಲಿಲ್ಲ. ಒಂದೇ ಒಂದು ಸಲ, ಕಾಕಾ ಆ ಹೊಡೆದವರನ್ನು ಮನಸ್ಸಿಗೆ ಬಂದಂತೆ ಬೈಯುತ್ತಿದ್ದಾಗ, ಹೊಸ್ತಿಲ ಒಳಗಿನಿಂದ, 'ಕಾಕಾ, ತಪ್ಪಿಸಿದ ಮ್ಯಾಲೆ ಅವರಿಗೆ ನಿದ್ದಿ ಬಂದಿರಬಹುದೇನು?' ಎಂದು ಕೇಳಿದಳು. ಕಾಕಾ, 'ಬರಬಾರದು!' ಎಂದ. ನೀಲಕ್ಕ ಪೇಪರು ಮಡಚಿಟ್ಟು ಒಳಗೆ ಹೋದಳು.

ಅದೇ ಶ್ರಾವಣದಲ್ಲಿ ಅಕ್ಕಿಆಲೂರಿನಿಂದ ಅವಳನ್ನು ನೋಡಲು ಬಂದರು. ಅಕ್ಕಿ ಗಿರಣಿಯ ಮನೆತನ, ನಮ್ಮ ಅಪ್ಪನಿಗೆ ಕೈಗೆ ಎಟುಕದಷ್ಟು ದೊಡ್ಡದು. ಹುಡುಗನ ಹೆಸರು ಚನ್ನಬಸಪ್ಪ. ಅವನ ತಂದೆ ಸಾಧು ಮನುಷ್ಯ, ಹೆಚ್ಚು ಮಾತಿಲ್ಲ. ಮಾತೆಲ್ಲ ಹಾನಗಲ್ಲಿನಿಂದ ಬಂದ ಹುಡುಗನ ಸೋದರಮಾವನದು. ನೀಲಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದು ಕುಳಿತು, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಒಳಗೆ ಹೋದಳು. ಉಪ್ಪಿಟ್ಟು ಬಂತು. ಮಾತು ಪೇಪರಿಗೆ ಬಂತು, ಪೇಪರಿನಿಂದ ಲಂಡನ್ನಿಗೆ ಹೋಯಿತು. ಗೂಟದ ಮೇಲಿನ ಚೆಂಡು ನೋಡಿ ಚನ್ನಬಸಪ್ಪನ ಕಣ್ಣು ಅರಳಿದವು. ಅವನೂ ಹುಬ್ಬಳ್ಳಿಯಲ್ಲಿ ಓದುವಾಗ ಆಡಿದವನು, ಬೂಟು ತೊಟ್ಟು. 'ಬೂಟು ಇದ್ದಿದ್ರ ಆ ಎರಡೂ ಗೋಲು ಆಗತಿದ್ವು ನೋಡ್ರಿ ಕಾಕಾರ' ಎಂದ. ಕಾಕಾ ತೊಡೆ ತಟ್ಟಿ, 'ಏನಂದ್ರಿ? ಬೂಟಿಗೆ ಕಣ್ಣು ಇರತಾವೇನ್ರಿ?' ಎಂದು ಮೇಲೆದ್ದು ಕುಳಿತ. ಇಬ್ಬರೂ ಉಪ್ಪಿಟ್ಟಿನ ತಾಟುಗಳನ್ನು ಅತ್ತಿತ್ತ ಸರಿಸಿ ಆಟದ ನಕ್ಷೆ ಮಾಡತೊಡಗಿದರು. ಅಡಿಗೆಮನೆಯ ಬಾಗಿಲ ಸಂದಿಯಿಂದ ನಾನು ನೀಲಕ್ಕನನ್ನೂ ಅವರನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದೆ. ಅವಳ ತುಟಿಯ ಮೇಲೆ ನಗು ಸುಳಿದಾಡುತ್ತಿತ್ತು.

ಅಷ್ಟರಲ್ಲಿ ಮೌಲಾ ಮಾಮಾ ಬಂದ. ಬೀಗರಿಗೆಂದು ಆಗಷ್ಟೇ ಕರಿದ ಖಾರ ತಂದಿದ್ದ, ಅದರ ಬಿಸಿ ಇನ್ನೂ ಪೊಟ್ಟಣದ ಹೊರಗೆ ಎಣ್ಣೆಯಾಗಿ ಒಸರುತ್ತಿತ್ತು. ಕಾಕಾ, 'ಬಾರಲೇ ಮೌಲ್ಯಾ, ಬೂಟಿನ ಕಡೆಯ ವಕೀಲರು ಬಂದಾರ' ಎಂದು ಕರೆದ. ಮೌಲಾ ಮಾಮಾ ನಗುತ್ತ ಕಂಬದ ಹತ್ತಿರ ಕುಳಿತು, 'ನಮ್ಮ ಹುಡುಗೂರು ಬೂಟಿಲ್ಲದ ಅಷ್ಟು ಆಡ್ಯಾರಲ್ರಿ, ಅದನ್ನೂ ನೋಡಬೇಕಲ್ಲ' ಎಂದ. ಆಗ ಹಾನಗಲ್ಲಿನ ಸೋದರಮಾವ ಅವನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಚೇಷ್ಟೆ ಇತ್ತು. 'ನಮ್ಮ ಹುಡುಗೂರು ಅಂತೀರಲ್ಲ ಸಾಬರ, ನಿಮ್ಮ ಟೀಮು ಈ ದೇಶದ್ದೋ, ಮಗ್ಗಲ ದೇಶದ್ದೋ? ಈಗ ಎರಡಾಗ್ಯಾವ, ಕೇಳಿಕೊಳ್ಳೂದು ಚಲೋ ಅಲ್ಲೇನ್ರಿ?'

ಮೌಲಾ ಮಾಮಾ ಪೊಟ್ಟಣವನ್ನು ಕಂಬದ ಬುಡದಲ್ಲಿ ಇಟ್ಟ. ಅವನ ಮುಖದಲ್ಲಿ ನಾನು ಕಂಡದ್ದು ಸಿಟ್ಟಲ್ಲ, ಗಲಿಬಿಲಿ. ತನ್ನ ಮನೆಯ ಬಾಗಿಲಲ್ಲಿ ನಿಂತವನಿಗೆ ಇದು ಯಾರ ಮನೆ ಎಂದು ಯಾರೋ ಕೇಳಿದಂತೆ. ಅವನು ಎದ್ದು, ಅಪ್ಪನಿಗೆ ಕೈಮುಗಿದು, 'ಭಟ್ಟಿ ಮ್ಯಾಲೆ ಕಡಾಯಿ ಬಿಟ್ಟು ಬಂದೇನ್ರಿ' ಎಂದು ಹೊರಟುಹೋದ. ಕಾಕಾ ಸ್ವಲ್ಪ ಹೊತ್ತು ಚನ್ನಬಸಪ್ಪನ ಮುಖ ನೋಡಿದ. ಚನ್ನಬಸಪ್ಪ ತಾಟು ನೋಡುತ್ತಿದ್ದ. ಕಾಕಾ ಎದ್ದು ನಿಂತು, 'ಚಹಾ ಕುಡದು ಹೋಗ್ರಿ. ನಮ್ಮ ಹುಡುಗಿನ್ನ ನಿಮ್ಮ ಮನಿಗೆ ಕೊಡೂದಿಲ್ಲ' ಎಂದ. ಅಪ್ಪ, 'ಗುರಪ್ಪಾ...' ಎಂದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಬೈಗುಳವಲ್ಲ ಅದು, ಕೇಳಿಕೊಳ್ಳುವ ದನಿ. ಬಂದವರು ಎದ್ದು ಹೋದರು.

ಆಮೇಲಿನ ದಿನಗಳಲ್ಲಿ ಕಟ್ಟೆ ಬರಿದಾಯಿತು. ಮೌಲಾ ಮಾಮಾ ಬರುವುದನ್ನು ನಿಲ್ಲಿಸಿದ. ಅದರ ಮೇಲೆ ನಿಜಾಮನ ಸೀಮೆಯ ಗದ್ದಲದ ಸುದ್ದಿ ದಿನಾ ಬರತೊಡಗಿತು, ಮಂದಿ ಹೊತ್ತು ಮುಳುಗುವ ಮುಂಚೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಾಕಾ ಕರೆಯಲು ಹೋದರೆ ಮೌಲಾ ಮಾಮಾ ಕಡಾಯಿಯಿಂದ ಕಣ್ಣು ಎತ್ತದೆ, 'ನಾಳೆ ಬರ್ತೇನಿ' ಎನ್ನುತ್ತಿದ್ದನಂತೆ. ಕಾಕಾ ಚೆಂಡಿಗೆ ಎಣ್ಣೆ ತಿಕ್ಕುವುದನ್ನೂ ಬಿಟ್ಟ. ನೀಲಕ್ಕ ಪೇಪರು ಓದಿದರೆ ಕೇಳಲು ಅಪ್ಪ ಒಬ್ಬನೇ, ಅವನೂ ಎಲೆಯ ಧಾರಣೆ ಬಂದ ಮೇಲೆ ಏಳುತ್ತಿದ್ದ.

ಒಂದು ಮುಂಜಾನೆ ನೀಲಕ್ಕ ನನ್ನ ಕೈ ಹಿಡಿದು, ಯಾರಿಗೂ ಹೇಳದೆ, ಮೌಲಾ ಮಾಮಾನ ಭಟ್ಟಿಗೆ ಹೋದಳು. ಮದುವೆಗೆ ಬಂದ ಹುಡುಗಿ ಹಾಗೆ ಹೋಗುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಮೌಲಾ ಮಾಮಾ ಗಾಬರಿಯಿಂದ ಎದ್ದು ಮಣೆ ಹಾಕಿದ. ಹೊಗೆಯಿಂದಲೋ ಏನೋ ಅವನ ಕಣ್ಣು ಕೆಂಪಾಗಿದ್ದವು. 'ನನ್ನಿಂದ ನಿನ್ನ ಲಗ್ನ ಮುರೀತಲ್ಲ ತಂಗೀ' ಎಂದ. ನೀಲಕ್ಕ, 'ನಿಮ್ಮಿಂದಲ್ಲ ಮಾಮಾ. ಆ ಮಾತು ಆಡಿದ ಮನಿಗೆ ಹೋಗೂದು ನನಗೂ ಬ್ಯಾಡಾಗಿತ್ತು' ಎಂದಳು. ಆಮೇಲೆ ಮಣೆಯ ಮೇಲೆ ಕುಳಿತು, 'ಒಂದ ತಿಳೀವಲ್ದು. ಅಂವ ಯಾಕ ಸುಮ್ಮನ ಕುಂತ? ಬೂಟಿನ ಸಲುವಾಗಿ ಅಷ್ಟು ಮಾತಾಡಿದಂವ, ಆ ಹೊತ್ತಿನ್ಯಾಗ ಬಾಯಿ ಯಾಕ ಮುಚ್ಚಿದ? ಅದೊಂದು ಗೊತ್ತಾಗಬೇಕು ನನಗ' ಎಂದಳು. ಮೌಲಾ ಮಾಮಾ ಕಡಾಯಿ ಇಳಿಸಿ ಎದ್ದ. ನಮ್ಮಿಬ್ಬರನ್ನೂ ಮನೆಯತನಕ ಕಳಿಸಲು ಬಂದವನು, ನೀಲಕ್ಕ 'ಇವತ್ತಿನ ಪೇಪರು ಓದಬೇಕು' ಎಂದಾಗ, ಕಟ್ಟೆಯ ತುದಿಗೆ ಕುಳಿತ. ಕಾಕಾ ಒಳಗಿನಿಂದ ಬಂದು ಅವನ ಪಕ್ಕಕ್ಕೆ ಕುಳಿತ. ಅಂದಿನ ಪೇಪರಿನಲ್ಲಿ ಏನಿತ್ತೋ ನನಗೆ ನೆನಪಿಲ್ಲ.

ದಸರೆಯ ಮರುದಿನ ಚನ್ನಬಸಪ್ಪ ಒಬ್ಬನೇ ಬಂದ. ಬಸ್ಸಿನಲ್ಲಿ ಶಿಗ್ಗಾವಿಗೆ ಬಂದು, ಅಲ್ಲಿಂದ ಯಾರದೋ ಸೈಕಲ್ಲು ಹಿಡಿದು ಬಂದಿದ್ದ. ಹ್ಯಾಂಡಲ್ಲಿಗೆ ಅವನ ಬೂಟುಗಳು ತೂಗುತ್ತಿದ್ದವು. ಅವನು ಮೊದಲು ನಮ್ಮ ಮನೆಗೆ ಬರಲಿಲ್ಲ. ನೇರವಾಗಿ ಖಾರದ ಭಟ್ಟಿಗೆ ಹೋಗಿ ಮೌಲಾ ಮಾಮಾನ ಕೈಗೆ ಹಬ್ಬದ ಬನ್ನಿ ಎಲೆ ಕೊಟ್ಟು ಕಾಲಿಗೆ ಎರಗಿದ್ದ. ಆಮೇಲೆ ಮೌಲಾ ಮಾಮಾನೇ ಅವನನ್ನು ಕರೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಕಾಕಾ ಬನ್ನಿ ತೆಗೆದುಕೊಂಡ, ಆದರೆ ಒಳಗೆ ಬರ್ರಿ ಎನ್ನಲಿಲ್ಲ. ಬೂಟುಗಳನ್ನು ನೋಡಿ, 'ಆಡಾಕ ಬಂದೀರೇನು?' ಎಂದ. ಚನ್ನಬಸಪ್ಪ, 'ನೀವು ಕರದ್ರ' ಎಂದ. 'ಹಂಗಾರ ಸಂಜಿಗೆ ಬಯಲಿಗೆ ಬರ್ರಿ. ಬೂಟಿನಾವ್ರು ಗೋಲಿನ್ಯಾಗ ನಿಂದ್ರಿ. ನಾ ಹೊಡೀತೇನಿ.'

ಊರಿನ ಹುಡುಗರೆಲ್ಲ ಎರಡು ಪಂಗಡವಾದರು. ಮೌಲಾ ಮಾಮಾ ಸೀಟಿ ಕೊರಳಿಗೆ ಹಾಕಿಕೊಂಡು ನಡುವೆ ನಿಂತ. ಹೆಂಗಸರು ನಾವು ನಮ್ಮ ಮಾಳಿಗೆಯ ಮೇಲೆ ಕುಂಬಿಗೋಡೆಗೆ ಒರಗಿಕೊಂಡು ನೋಡಿದೆವು. ಅಮ್ಮನೂ ಕೋಲು ಊರಿಕೊಂಡು ಮೇಲೆ ಬಂದಿದ್ದಳು. ಬಯಲಿನ ಆಚೆ ಜೋಳ ಎದೆಮಟ್ಟ ಬೆಳೆದಿತ್ತು, ಸಂಜೆಯ ಬಿಸಿಲು ಅದರ ಮೇಲೆ ಹಳದಿಯಾಗಿ ಬಿದ್ದಿತ್ತು. ಎರಡು ಬಿದಿರು ಗಳ, ಮೇಲೆ ಒಂದು ಹಗ್ಗ, ಅದು ಗೋಲು. ಚನ್ನಬಸಪ್ಪ ಅದರ ನಡುವೆ ಅಂಗಿಯ ತೋಳು ಮಡಚಿ ನಿಂತಿದ್ದ. ಕಾಕಾ ಎಷ್ಟು ಸಲ ನುಗ್ಗಿದರೂ ಅವನು ಹಿಡಿದ, ತಡೆದ, ಬಿದ್ದ, ಎದ್ದ. ಗೋಲು ಆಗಲಿಲ್ಲ. ಕೊನೆಗೆ ಗೋಲಿನ ಹತ್ತಿರ ಚನ್ನಬಸಪ್ಪನ ಕಡೆಯ ಒಬ್ಬ ಹುಡುಗ ಗಡಿಬಿಡಿಯಲ್ಲಿ ಚೆಂಡನ್ನು ಕೈಯಿಂದ ತಟ್ಟಿದ. ಮೌಲಾ ಮಾಮಾ ಸೀಟಿ ಊದಿ ನೆಲಕ್ಕೆ ಬೆರಳು ಮಾಡಿದ. ಪೆನಾಲ್ಟಿ.

ಎಲ್ಲರೂ ಸರಿದು ನಿಂತರು. ಇವನೊಬ್ಬ, ಅವನೊಬ್ಬ. ಕಾಕಾ ಚೆಂಡನ್ನು ಇಟ್ಟು, ತಿರುಗಿಸಿ, ಮತ್ತೆ ಇಟ್ಟ. ಹಿಂದೆ ನಡೆದ. ಒಂದು ಸಲ ಮಾಳಿಗೆಯ ಕಡೆ ನೋಡಿದ. ಓಡಿ ಬಂದು ಹೊಡೆದ. ಆ ಸಪ್ಪಳ ನಮಗೂ ಕೇಳಿಸಿತು. ಚೆಂಡು ಹಗ್ಗದ ಮೇಲಿಂದ, ಬಹಳ ಮೇಲಿಂದ ಹಾರಿ ಜೋಳದ ಹೊಲದೊಳಗೆ ಬಿತ್ತು. ಜೋಳದ ತೆನೆಗಳು ಒಮ್ಮೆ ಅಲುಗಿ ಸುಮ್ಮನಾದವು. ಕಾಕಾ ತನ್ನ ಬಲಗಾಲಿನ ಪಾದವನ್ನು ನೋಡುತ್ತ ನಿಂತುಬಿಟ್ಟ, ಅದು ಬೇರೆ ಯಾರದೋ ಪಾದ ಎಂಬಂತೆ. ಚನ್ನಬಸಪ್ಪ ತಾನೇ ಹೊಲದೊಳಗೆ ಹೊಕ್ಕು ಚೆಂಡು ಹುಡುಕಿ ತಂದು, ಎರಡೂ ಕೈಯಿಂದ ಕಾಕಾನಿಗೆ ಕೊಟ್ಟ. ಕಾಕಾ ಅವನ ಬೆನ್ನಿನ ಮೇಲಿನ ಜೋಳದ ಗರಿ ತೆಗೆದು ಹಾಕಿ, 'ಮನಿಗೆ ನಡೀರಿ' ಎಂದ.

ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದಾಗ ನೀಲಕ್ಕ ಒಳಗಿನಿಂದ ಬಂದು, ಕಂಬದ ಹತ್ತಿರ ನಿಂತು, ಎಲ್ಲರೆದುರಿಗೆ ಚನ್ನಬಸಪ್ಪನಿಗೇ ಕೇಳಿದಳು. 'ಆವತ್ತು ನಿಮ್ಮ ಮಾವನ ಮಾತಿಗೆ ನೀವು ಯಾಕ ಸುಮ್ಮನ ಕುಂತ್ರಿ?' ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಚನ್ನಬಸಪ್ಪ ತಲೆ ತಗ್ಗಿಸಲಿಲ್ಲ. 'ಬಾಯಿ ಬರಲಿಲ್ಲ' ಎಂದ. 'ಹೇಳಬೇಕಂತ ಅನಸ್ತು. ನಾಲಿಗಿ ಏಳಲಿಲ್ಲ. ಹೇಳಬೇಕಾದ ಮಾತೆಲ್ಲ ಹೊಳ್ಳಿ ಹೋಗೂವಾಗ ಬಸ್ಸಿನ್ಯಾಗ ಬಂದ್ವು. ಅಲ್ಲೇ ಮಾವಗ ಅಂದೆ. ಆದ್ರ ಅಲ್ಲಿ ಅಂದು ಏನು ಉಪಯೋಗ? ಇಲ್ಲಿ ಅನ್ನಬೇಕಾಗಿತ್ತು.' ಆಮೇಲೆ ಮಾತಾಡಿದವನು ಕಾಕಾ. ಬಲಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದ ಅವನು, 'ಇರಲಿ ಬಿಡವಾ ನೀಲಾ. ಒಮ್ಮೊಮ್ಮೆ ಹೊತ್ತಿಗೆ ಸರಿಯಾಗಿ ಆಗೂದಿಲ್ಲ' ಎಂದ. ನೀಲಕ್ಕ ಕಾಕಾನ ಮುಖ ನೋಡಿದಳು, ಚನ್ನಬಸಪ್ಪನ ಮುಖ ನೋಡಿದಳು, ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಮೊದಲ ಕಪ್ಪು ಮೌಲಾ ಮಾಮಾನಿಗೆ ಕೊಟ್ಟಳು.

ಮರುದಿನ ತೋಟದಲ್ಲಿ ಎಲೆ ಕೊಯ್ಯುವಾಗ ನಾನು ಕಾಕಾನ ಬೆನ್ನು ಹತ್ತಿದೆ. 'ಬೇಕಂತ ತಪ್ಪಿಸಿದೇನು ಕಾಕಾ, ಅವರು ಬೀಗರಾಗತಾರಂತ?' ಓಣಿಯಲ್ಲಿ ಕೆಲವರು ಹಾಗೆ ಮಾತಾಡಿಕೊಳ್ಳುತ್ತಿದ್ದರು. ಕಾಕಾ ಬಳ್ಳಿಗಳ ನೆರಳಿನಲ್ಲಿ ನಿಂತು ನಕ್ಕ. 'ಇಲ್ಲವಾ. ಹೊಡೀಬೇಕಂತಲೇ ಹೊಡದೆ. ಎಷ್ಟು ದೊಡ್ಡ ಜಾಗಾ ಇತ್ತು ನೋಡು, ಎರಡು ಗಳದ ನಡುವ. ನಾ ಓಡಿ ಬರೂದರಾಗ ಅದು ಸಣ್ಣಾತು' ಎಂದ. ಆಮೇಲೆ ಬಹಳ ಹೊತ್ತು ಎಲೆ ಕೊಯ್ಯುತ್ತಲೇ ಇದ್ದ. ಆ ಲಂಡನ್ನಿನ ಹುಡುಗರನ್ನು ಬೈದದ್ದನ್ನು ನಾನು ಅವನ ಬಾಯಿಂದ ಮತ್ತೆ ಕೇಳಲಿಲ್ಲ. ಕಟ್ಟೆಯ ಮೇಲೆ ಮಾತು ಅಲ್ಲಿಗೆ ಬಂದರೆ ಎಲೆಡಬ್ಬಿ ಹತ್ತಿರ ಎಳೆದುಕೊಂಡು ಸುಮ್ಮನೆ ಸುಣ್ಣ ಹಚ್ಚುತ್ತಿದ್ದ. ಮೌಲಾ ಮಾಮಾನಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. 'ವಾದಾ ಮಾಡಲೇ, ನನಗ ಬ್ಯಾಸರಾಗೇತಿ' ಎಂದು ಅವನನ್ನು ಕೆಣಕುತ್ತಿದ್ದ.

ನೀಲಕ್ಕ ಅಕ್ಕಿಆಲೂರಿಗೆ ಹೋದಳು. ಮದುವೆಯಲ್ಲಿ ಹಾನಗಲ್ಲಿನ ಸೋದರಮಾವ ಬಂದಿದ್ದರು. ಮೌಲಾ ಮಾಮಾ ಅವರ ಮುಂದೆ ಖಾರದ ತಾಟು ಇಟ್ಟಾಗ ಅವರು ತಲೆ ಎತ್ತಲಿಲ್ಲ, ಆದರೆ ತಿಂದರು. ಗಿರಣಿಯ ಮನೆಯಲ್ಲಿಯೂ ಅವಳು ಪೇಪರು ಓದುವುದನ್ನು ಬಿಡಲಿಲ್ಲ. ಭಾವ ಗಿರಣಿಯ ಪಟ್ಟಾ ನಿಲ್ಲಿಸಿ, ಕಿವಿಯೊಳಗಿನ ತೌಡು ಒರೆಸಿಕೊಂಡು ಬಂದು ಕೇಳುತ್ತಿದ್ದನಂತೆ. ಅಮ್ಮ ಹೋದಳು, ಅಪ್ಪ ಹೋದ. ಎಲೆಯ ತೋಟ ಪಾಲಾಯಿತು. ರಸ್ತೆ ಅಗಲವಾಗುವಾಗ ಕಟ್ಟೆಯೂ ಹೋಯಿತು. ಆಡುವ ಬಯಲಿನಲ್ಲಿ ಮನೆಗಳು ಎದ್ದವು. ನಾನು ಮದುವೆಯಾಗಿ ಧಾರವಾಡಕ್ಕೆ ಬಂದೆ.

ಕಾಕಾನಿಗೆ ಲಕ್ವ ಹೊಡೆದ ಸುದ್ದಿ ಬಂದಾಗ ನಾನು ಸವಣೂರಿಗೆ ಹೋಗಿ ಅವನ ಹತ್ತಿರ ಕೆಲವು ದಿನ ಇದ್ದೆ. ಬಲಗೈ, ಬಲಗಾಲು, ಮಾತು, ಮೂರೂ ಹೋಗಿದ್ದವು. ಕಣ್ಣು ಮಾತ್ರ ಮೊದಲಿನವೇ. ಮೌಲಾ ಮಾಮಾ ದಿನಾಲೂ ಸಂಜೆ ಬರುತ್ತಿದ್ದ, ಬಾಗಿದ ಬೆನ್ನು, ಬಿಳಿ ಗಡ್ಡ. ಮಂಚದ ಪಕ್ಕದಲ್ಲಿ ಕುಳಿತು, ಮಾತು ಹೋದವನ ಜೊತೆ ಏನು ಮಾತಾಡುವುದು ಎಂದು ತಿಳಿಯದೆ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಇದ್ದಕ್ಕಿದ್ದಂತೆ, 'ಗುರ್ಯಾ, ಆ ಲಂಡನ್ ಆಟ' ಎಂದು ಶುರು ಮಾಡಿದ. ಎರಡೂ ಕಡೆಯ ವಾದವನ್ನು ಅವನೇ ಮಾಡಿದ. 'ಥಂಡಿ ಇತ್ತು ಅಂತ ನಾ ಅಂತೇನಿ. ಥಂಡಿ ಬೂಟಿನಾವ್ರಿಗೂ ಇತ್ತು ಅಂತ ನೀ ಅಂತೀ. ಹೌದಿಲ್ಲೋ? ನೆಲಾ ಹಸಿ ಅಂತ ನಾ ಅಂತೇನಿ. ನೀ ಏನಂತೀ, ಕುಣಿಯಾಕ ಬರಲಾರದಾವ್ರಿಗೆ ನೆಲಾ ಡೊಂಕು ಅಂತೀ...' ಕಾಕಾನ ದನಿಯನ್ನೂ ಅನುಕರಿಸುತ್ತಿದ್ದ, ಆ ಗತ್ತು, ಆ ಕೂಗು. ಕಾಕಾ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದ. ಕೊನೆಗೆ ಮೌಲಾ ಮಾಮಾ ದಣಿದು, ಗೆಳೆಯನ ಎಡಗೈ ಹಿಡಿದು, 'ಆತು ನಡಿಯಪಾ. ಇಷ್ಟು ವರ್ಷ ನಾ ಒಪ್ಪಲಿಲ್ಲ, ಇವತ್ತು ಒಪ್ಪಿದೆ. ನೀ ಅಂದಿದ್ದ ಖರೇ. ತಪ್ಪು ಆ ಹೊಡದಾವ್ರದು' ಎಂದ.

ಕಾಕಾ ಆ ಕೈಯನ್ನು ಬಿಡಿಸಿಕೊಂಡ. ದಿಂಬಿನ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ, ಒಂದು ಸಲವಲ್ಲ, ನಾವಿಬ್ಬರೂ ಸ್ಪಷ್ಟವಾಗಿ ಕಾಣುವವರೆಗೆ. ಬಾಯಿಂದ ಮಾತು ಬರಲಿಲ್ಲ, ಗಂಟಲಿನಿಂದ ಒಂದು ಸಪ್ಪಳ ಬಂತು. ಅದು 'ಅಲ್ಲ' ಎಂದು ನನಗೆ ತಿಳಿಯಿತು. ಮೌಲಾ ಮಾಮಾ ನನ್ನ ಮುಖ ನೋಡಿದ. ಆಮೇಲೆ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕ, ಭುಜ ಅಲುಗುವಂತೆ ನಕ್ಕ, ಕೈ ತೆಗೆದಾಗ ಗಡ್ಡ ಒದ್ದೆಯಾಗಿತ್ತು.

ಅದಾದ ಕೆಲವು ದಿನಕ್ಕೆ ಕಾಕಾ ಹೋದ. ಲಂಡನ್ನಿನಲ್ಲಿ ಆ ಎರಡು ಪೆನಾಲ್ಟಿ ಹೊಡೆದವರು ಯಾರು, ಯಾವ ಊರಿನವರು, ಅವರಿಗೆ ಆ ರಾತ್ರಿ ನಿದ್ದೆ ಬಂತೋ ಇಲ್ಲವೋ, ನಮಗೆ ಯಾರಿಗೂ ಗೊತ್ತಾಗಲಿಲ್ಲ. ಸವಣೂರು ಎಂಬ ಒಂದು ಊರಿನಲ್ಲಿ, ಒಂದು ಮಂಚದ ಮೇಲೆ, ತಮ್ಮ ಪರವಾಗಿ ಒಬ್ಬ ಮನುಷ್ಯ ತಲೆಯಾಡಿಸಿದ್ದು ಅವರಿಗೂ ಗೊತ್ತಾಗಲಿಲ್ಲ.